ಬೆಂಗಳೂರಿನಲ್ಲಿ ಮನೆಗೆ ಮಳೆನೀರು ನುಗ್ಗಿದರೆ ವಿಮೆ ಸಿಗುತ್ತಾ? ಕೆರೆ ದೂರ ಇದ್ದರೂ ವಿಮೆ ಬೇಕಾ?

ಸಿಗುತ್ತದೆ, ಆದರೆ ಮನೆಗೇ ವಿಮೆ ಮಾಡಿಸಿದ್ದರೆ ಮಾತ್ರ. ಹೋಮ್ ಲೋನ್ ಜೊತೆ ಬ್ಯಾಂಕಿನವರು ಕೊಡುವುದು ಎಷ್ಟೋ ಸಲ ಸಾಲಗಾರರ ಜೀವವಿಮೆ. ಅದರಿಂದ ನೆನೆದ ಗೋಡೆಗೆ ಒಂದು ಪೈಸೆಯೂ ಬರಲ್ಲ. ಒಮ್ಮೆ ಪಾಲಿಸಿ ತೆಗೆದು ನೋಡಿ.

ಕೆರೆ ದೂರ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಇಲ್ಲಿನ ಕೆರೆಗಳು ಸರಪಳಿಯಂತೆ ಜೋಡಿಸಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗಬೇಕು. ಕಾಲುವೆ ಕಿರಿದಾಗಿದ್ದರೆ ಅದು ತಗ್ಗಿನ ಲೇಔಟಿಗೇ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಕಂಡಿದ್ದು ಇದನ್ನೇ ಅಲ್ವಾ? ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸೈಟು ಹುಡುಕಿ. ಅದರಲ್ಲಿ ಕಾಣುವ ಹಳೇ ಗ್ರಾಮನಕ್ಷೆಯಲ್ಲಿ ಪಕ್ಕದಲ್ಲಿ ಕಾಲುವೆ ಇದ್ದರೆ ದಯವಿಟ್ಟು ವಿಮೆ ಮಾಡಿಸಿ.

'ಭಾರತ್ ಗೃಹ ರಕ್ಷಾ' ಎಂಬ ಪಾಲಿಸಿ 2021ರ ಏಪ್ರಿಲ್‌ನಿಂದ ಇದೆ, ಪ್ರವಾಹವೂ ಅದರಲ್ಲಿ ಸೇರಿದೆ. ವಿಮೆ ಮೊತ್ತದ ಲೆಕ್ಕ ಕಟ್ಟಡ ಮತ್ತೆ ಕಟ್ಟುವ ಖರ್ಚಿನ ಮೇಲೆ. ಜಾಗದ ಬೆಲೆ ಸೇರಲ್ಲ. ಹಾಗಾಗಿ ಪ್ರೀಮಿಯಂ ಜನ ಅಂದುಕೊಂಡಷ್ಟು ಜಾಸ್ತಿ ಬರಲ್ಲ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಫ್ರಿಜ್, ಮಂಚದಂಥ ಸಾಮಾನಿಗೂ ಆ ವಿಮೆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗೇ ರಕ್ಷಣೆ ಇರುತ್ತದೆ. ಒಡವೆಗೆ ಪ್ರತ್ಯೇಕವಾಗಿ ರಕ್ಷಣೆ ಕೇಳಬೇಕು. ಬೇಸ್‌ಮೆಂಟಿನ ಕಾರಿಗೆ ಕಾರಿನ ವಿಮೆಯೇ ಬೇಕು.