ಹಿತ್ತಲಲ್ಲಿ ಡೆಕ್ ಕಟ್ಟೋಕೆ ಕನ್ಸರ್ವೇಶನ್ ಕಮಿಷನ್ ಅಪ್ಪಣೆ ಬೇಕಾ?

ಮ್ಯಾಸಚೂಸೆಟ್ಸ್‌ನಲ್ಲಿ ಮನೆ ತಗೊಂಡಿದೀವಿ, ಜೌಗಿನಿಂದ 70 ಅಡಿ ದೂರದಲ್ಲಿ ಡೆಕ್ (ಮನೆಗೆ ಹೊಂದಿಕೊಂಡ ಹಲಗೆ ಜಗಲಿ) ಕಟ್ಟೋಕೂ ಕನ್ಸರ್ವೇಶನ್ ಕಮಿಷನ್, ಅಂದರೆ ಜೌಗು ಪ್ರದೇಶ ಕಾಯೋ ಊರಿನ ಸಮಿತಿಯ ಅಪ್ಪಣೆ ಬೇಕಾ ಅಂತ ಕೇಳಿದೀರಿ. ಜೌಗಿನ ಅಂಚಿಂದ 100 ಅಡಿವರೆಗಿನ ಜಾಗ ಅವರ ವ್ಯಾಪ್ತಿಗೆ ಬರುತ್ತೆ. ಆದರೆ ಈಗಿರೋ ಹುಲ್ಲುಹಾಸಿನ ಮೇಲೆ, 50 ಅಡಿಗಿಂತ ಆಚೆ, ಮಣ್ಣು ಕೊಚ್ಚಿಹೋಗದಂತೆ ತಡೆ ಹಾಕಿ ಕಟ್ಟೋ ಡೆಕ್‌ಗೆ ರಾಜ್ಯದ ನಿಯಮದಲ್ಲಿ ವಿನಾಯಿತಿ ಇದೆ. ಎಷ್ಟೋ ಊರುಗಳ ಬೈಲಾ (ಊರಿನದೇ ನಿಯಮ) ಇದಕ್ಕಿಂತ ಬಿಗಿ, ಅದನ್ನ ಮರೀಬೇಡಿ. ಮೊದಲು ಟೌನ್ ಹಾಲ್‌ಗೆ ಫೋನ್ ಮಾಡಿ ವಿಚಾರಿಸಿ. ಅನುಮಾನ ಉಳಿದರೆ, ಈ ಕೆಲಸಕ್ಕೆ ರಾಜ್ಯದ ಜೌಗು ಸಂರಕ್ಷಣೆ ಕಾಯ್ದೆ ಅನ್ವಯಿಸುತ್ತಾ ಅಂತ ಕೇಳೋ ಆರ್‌ಡಿಎ ಅರ್ಜಿ ಹಾಕಿ. ಕಮಿಷನ್ 21 ದಿನದೊಳಗೆ ತೀರ್ಮಾನ ಹೇಳಬೇಕು. ಹೆದರಬೇಡಿ, ಅಲ್ಲಿ ಕೂರೋರು ಹೆಚ್ಚಾಗಿ ಸಂಬಳವಿಲ್ಲದೆ ದುಡಿಯೋ ನಿಮ್ಮೂರವರೇ. ಮಳೆನೀರು ಹಿಡಿದಿಟ್ಟುಕೊಳ್ಳೋ ಆ ಜೌಗು ಉಳಿದರೆ ನಿಮಗೂ ಒಳ್ಳೇದು. ಕಂಟ್ರಾಕ್ಟರ್ "ಏನೂ ಬೇಕಿಲ್ಲ" ಅಂದರೆ ಮಾತ್ರ ನಂಬಬೇಡಿ, ನಿಯಮ ಮುರಿದರೆ ನೋಟಿಸ್ ಬರೋದು ನಿಮ್ಮ ಹೆಸರಿಗೆ.