ಸಂಪಾದಕರ ಉತ್ತರ: ಸಿಸ್ಟರ್, ನೀವು ಲೋಕಸಭೆಗೆ ನಿಲ್ಲಬೇಕು

ಈ ಪತ್ರ ಬಂದದ್ದು ದಾವಣಗೆರೆಯಿಂದ. ಬರೆದವರು ಸರ್ಕಾರಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ರಾತ್ರಿ ಪಾಳಿಯಲ್ಲಿ ನಲವತ್ತು ರೋಗಿಗಳಿಗೆ ನಾವು ಇಬ್ಬರು. ಅಮೆರಿಕದಲ್ಲಿ ನರ್ಸ್ ಒಬ್ಬರು ಸಂಸತ್ತಿಗೆ ಹೋದ ಸುದ್ದಿ ಓದಿದೆ. ನಾನೂ ಯಾಕೆ ನಿಲ್ಲಬಾರದು ಅಂತ ಡ್ಯೂಟಿ ರೂಮಿನಲ್ಲಿ ಅಂದೆ. ಎಲ್ಲರೂ ನಕ್ಕರು. ಡಾಕ್ಟರ್ ಆದರೆ ಸರಿ, ಸಿಸ್ಟರ್‌ಗೆ ಯಾರು ಟಿಕೆಟ್ ಕೊಡ್ತಾರೆ ಅಂದರು. ನೀವೇನಂತೀರಿ? ಯಾವ ಪಕ್ಷ ಸೇರಲಿ?"

ಸಿಸ್ಟರ್, ನಿಲ್ಲಿ ಅಂತೀನಿ. ಸುಮ್ನೆ ನಿಮ್ಮನ್ನು ಖುಷಿಪಡಿಸಲು ಹೇಳುತ್ತಿಲ್ಲ.

ನೀವು ಓದಿದ್ದು ಲಾರೆನ್ ಅಂಡರ್‌ವುಡ್ ಅವರ ಸುದ್ದಿ ಇರಬೇಕು. ನರ್ಸ್ ಆಗಿದ್ದವರು, 2018ರಲ್ಲಿ ಇಲಿನಾಯ್ ರಾಜ್ಯದಿಂದ ಗೆದ್ದರು. ಆದರೆ ನಿಮಗೆ ಇನ್ನೂ ಹತ್ತಿರವಾದ ಕಥೆ ಎಡ್ಡಿ ಬರ್ನೀಸ್ ಜಾನ್ಸನ್ ಅವರದ್ದು. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಹದಿನಾರು ವರ್ಷ ಕೆಲಸ ಮಾಡಿದರು. ಮನೋರೋಗ ವಿಭಾಗದ ಮುಖ್ಯ ನರ್ಸ್ ಆದರು. ಕಪ್ಪು ಜನರನ್ನು ದೂರ ಇಡುತ್ತಿದ್ದ ಕಾಲ ಅದು. 1972ರಲ್ಲಿ ರಾಜ್ಯದ ಶಾಸನಸಭೆಗೆ ಗೆದ್ದರು. 1986ರಲ್ಲಿ ಅಲ್ಲಿನ ಸೆನೆಟ್‌ಗೆ, 1992ರಲ್ಲಿ ದೇಶದ ಸಂಸತ್ತಿಗೆ. ಅಲ್ಲಿಗೆ ಆಯ್ಕೆಯಾದ ಮೊದಲ ನೋಂದಾಯಿತ ನರ್ಸ್ ಅವರೇ. ಮೂವತ್ತು ವರ್ಷ ಅಲ್ಲೇ ಇದ್ದರು. ಮೊದಲ ಚುನಾವಣೆಯಿಂದ ದೇಶದ ಸಂಸತ್ತಿಗೆ ಇಪ್ಪತ್ತು ವರ್ಷ ಹಿಡಿಯಿತು ಎನ್ನುವುದನ್ನೂ ನೆನಪಿಡಿ.

ಈಗ ನನ್ನ ಮುಖ್ಯ ಮಾತು. ನರ್ಸ್ ಅಂದ ಕೂಡಲೇ ಜನ "ಸೇವೆ", "ತ್ಯಾಗ", "ತಾಯಿ ಹೃದಯ" ಅಂತ ಶುರು ಮಾಡುತ್ತಾರೆ. ಹೂಗುಚ್ಛ ಕೊಡುತ್ತಾರೆ, ಸಂಬಳ ಕೇಳಿದರೆ ಮುಖ ತಿರುಗಿಸುತ್ತಾರೆ. ನೀವು ಆ ಹೊಗಳಿಕೆ ಹಿಡಿದುಕೊಂಡು ವೋಟು ಕೇಳಬೇಡಿ. ನಿಮ್ಮ ಹತ್ತಿರ ಅದಕ್ಕಿಂತ ಗಟ್ಟಿಯಾದದ್ದು ಇದೆ. ಸ್ಟೋರ್‌ನಿಂದ ಔಷಧ ಬೇಕು ಅಂತ ಬರೆದು ಕಳಿಸುವ ವಾರ್ಡಿನ ಇಂಡೆಂಟ್ ಪುಸ್ತಕದಲ್ಲಿ ಕೇಳಿದ್ದೆಷ್ಟು, ಬಂದದ್ದೆಷ್ಟು ನಿಮಗೆ ಗೊತ್ತು. "ಈ ಇಂಜೆಕ್ಷನ್ ಸ್ಟಾಕ್ ಇಲ್ಲ, ಹೊರಗಡೆ ಮೆಡಿಕಲ್‌ನಲ್ಲಿ ತಗೊಂಡು ಬನ್ನಿ" ಅಂತ ಜಗಳೂರಿನ ಕಡೆಯಿಂದ ಬಂದ ಅಜ್ಜನಿಗೆ ಹೇಳಬೇಕಾದವರು ನೀವು. ಬೈಸಿಕೊಳ್ಳುವವರೂ ನೀವೇ. ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಓವರ್ ಕೊಡುವಾಗ ರಿಪೋರ್ಟ್ ಬುಕ್ಕಿನಲ್ಲಿ ನೀವು ಬರೆಯುವ ನಾಲ್ಕು ಸಾಲಿನಲ್ಲಿ ಒಂದು ಆಸ್ಪತ್ರೆ ಎಲ್ಲಿ ಕೈಕೊಡುತ್ತಿದೆ ಅನ್ನುವುದು ಪೂರ್ತಿ ಇರುತ್ತದೆ. ಯಾವ ಸಂಸದರಿಗೆ ಇಷ್ಟು ವಿವರ ಗೊತ್ತಿರುತ್ತೆ ಹೇಳಿ?

ಆರೋಗ್ಯ ರಾಜ್ಯದ ವಿಷಯ, ದಿಲ್ಲಿಯಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳಬಹುದು. ಕೆಲಸ ಬಹಳ ಇದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಬದಲಿಗೆ ಹೊಸ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದ್ದು 2023ರಲ್ಲಿ, ಸಂಸತ್ತಿನಲ್ಲಿ. ರಾಷ್ಟ್ರೀಯ ಆರೋಗ್ಯ ಅಭಿಯಾನದ ದುಡ್ಡಿನ ದೊಡ್ಡ ಪಾಲು ಬರುವುದು ಕೇಂದ್ರದಿಂದ. ಗುತ್ತಿಗೆ ನರ್ಸ್‌ಗಳ ಬದುಕು ನಿಂತಿರುವುದು ಅದರ ಮೇಲೆ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಪರಿಶೀಲನೆ ಮಾಡುವ ದಿಶಾ ಸಮಿತಿ ಸಭೆ ನಡೆಸುವವರು ಸಂಸದರು. ಜಿಲ್ಲಾ ಆರೋಗ್ಯಾಧಿಕಾರಿ ಅವರ ಎದುರು ಕೂತು ಲೆಕ್ಕ ಒಪ್ಪಿಸಬೇಕು. ಆ ಕುರ್ಚಿಯಲ್ಲಿ ನಿಮ್ಮಂಥವರು ಇದ್ದರೆ "ಔಷಧ ಕೊರತೆ ಇಲ್ಲ ಮೇಡಂ" ಎಂಬ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ, ಅಲ್ವಾ?

ಕಷ್ಟದ ವಿಷಯಕ್ಕೆ ಬರೋಣ. ನೀವು ಸರ್ಕಾರಿ ನೌಕರರು. ಕೆಲಸದಲ್ಲಿದ್ದುಕೊಂಡು ಪಕ್ಷದ ಪ್ರಚಾರ ಮಾಡುವಂತಿಲ್ಲ, ಸ್ಪರ್ಧಿಸುವಂತೆಯೂ ಇಲ್ಲ. ರಾಜೀನಾಮೆಯೋ ಸ್ವಯಂ ನಿವೃತ್ತಿಯೋ ಮೊದಲು ಆಗಬೇಕು. 2006ರ ಏಪ್ರಿಲ್‌ನಿಂದ ಈಚೆಗೆ ಸೇರಿದವರಾದರೆ ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ಲೆಕ್ಕವೇ ಬೇರೆ. ಮನೆಯಲ್ಲಿ ಕೂತು, ಮಕ್ಕಳ ಫೀಸು, ಸಾಲದ ಕಂತು ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಠೇವಣಿ 25,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಅದೇನೂ ದೊಡ್ಡದಲ್ಲ. ಆದರೆ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿಯೇ 95 ಲಕ್ಷ. ನಿಮ್ಮ ಸಂಬಳದ ಪಕ್ಕ ಆ ಅಂಕಿ ಇಟ್ಟು ನೋಡಿದರೆ ಡ್ಯೂಟಿ ರೂಮಿನವರು ಯಾಕೆ ನಕ್ಕರು ಅಂತ ಅರ್ಥವಾಗುತ್ತೆ. ಅವರ ಮೇಲೆ ಸಿಟ್ಟಾಗಬೇಡಿ.

ದಾವಣಗೆರೆ ಮೊದಲ ಸಲ ಮಹಿಳೆಯನ್ನು ಲೋಕಸಭೆಗೆ ಕಳಿಸಿದ್ದು 2024ರಲ್ಲಿ. ಡಾ. ಪ್ರಭಾ ಮಲ್ಲಿಕಾರ್ಜುನ್ ದಂತವೈದ್ಯರು. ಅವರ ಮುಖ್ಯ ಎದುರಾಳಿ ಗಾಯಿತ್ರಿ ಸಿದ್ದೇಶ್ವರ ಕೂಡ ಮಹಿಳೆ. ಇಬ್ಬರೂ ರಾಜಕೀಯದ ಮನೆಯವರು. ಆದರೂ ಈ ಊರಿನ ಜನ ಮಹಿಳೆಗೆ ವೋಟು ಹಾಕುತ್ತಾರಾ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇನ್ನು ಮನೆತನದ ಬಲ ಇಲ್ಲದ ಹೆಣ್ಣುಮಗಳಿಗೆ ದಾರಿ ಮಾಡಬೇಕು.

ಆ ದಾರಿ ಕೆಳಗಿನಿಂದಲೇ ಶುರು. ಮುಂಬೈನ ಕಿಶೋರಿ ಪೆಡ್ನೇಕರ್ ನರ್ಸ್ ಆಗಿದ್ದವರು. ಕಾರ್ಪೊರೇಟರ್ ಆಗಿ, 2019ರಲ್ಲಿ ಮೇಯರ್ ಆದರು. 2020ರ ಕೊರೋನಾ ಸಮಯದಲ್ಲಿ ಮತ್ತೆ ನರ್ಸ್ ಯೂನಿಫಾರ್ಮ್ ಹಾಕಿಕೊಂಡು ಆಸ್ಪತ್ರೆಗೆ ಹೋದರು. ನಮ್ಮಲ್ಲಿ ಪಾಲಿಕೆಯಲ್ಲೂ ಪಂಚಾಯ್ತಿಯಲ್ಲೂ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು. ಲೋಕಸಭೆಗೆ ಮೂರನೇ ಒಂದು ಭಾಗ ಕೊಡುವ ತಿದ್ದುಪಡಿ 2023ರಲ್ಲೇ ಆಗಿದೆ. ಅದು ಜಾರಿಗೆ ಬಂದ ದಿನ ಪಕ್ಷಗಳು ಹೆಣ್ಣುಮಕ್ಕಳನ್ನು ಹುಡುಕುತ್ತವೆ. ಆಗ ಮತ್ತೆ ಹೆಂಡತಿ, ಸೊಸೆಯರ ಹೆಸರೇ ಬರಬಾರದು ಅಂದರೆ ನೀವು ಈಗಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು.

ಯಾವ ಪಕ್ಷ ಎಂದು ನಾನು ಹೇಳುವುದಿಲ್ಲ. ಆದರೆ ಯಾರ ಬಾಗಿಲಿಗೆ ಹೋದರೂ ಒಂದು ಪ್ರಶ್ನೆ ಕೇಳಿ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ಬಗ್ಗೆ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಒಂದು ಸಮಿತಿ ಮಾಡಿತ್ತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಅಂತ 2016ರಲ್ಲೇ ಶಿಫಾರಸು ಆಯಿತು. ಅದನ್ನು ಕಡ್ಡಾಯ ಮಾಡುವ ಮಾತು ನಿಮ್ಮ ಪ್ರಣಾಳಿಕೆಯಲ್ಲಿ ಬರೆಯುತ್ತೀರಾ ಅಂತ ಕೇಳಿ. ಯಾರು ಏನಂದರು ಅಂತ ನಮಗೂ ಬರೆದು ತಿಳಿಸಿ. ಹೆಸರಿಲ್ಲದೆಯೇ ಅಚ್ಚು ಹಾಕುತ್ತೇವೆ.