ಸಂಬಳಕ್ಕೂ ಬಸಿರಿಗೂ ಏನು ನಂಟು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಮೇರಿ ರಾಬಿನ್ಸನ್ ಅವರನ್ನು ಹೊಗಳಿದ್ದೀರಿ. ಸಮಾನ ವೇತನ ಸರಿ, ಅದನ್ನು ಯಾರೂ ಬೇಡ ಅನ್ನಲ್ಲ. ಗರ್ಭನಿರೋಧಕದ ವಿಷಯವನ್ನು ಅದಕ್ಕೆ ಗಂಟು ಹಾಕಿದ್ದು ಯಾಕೆ? ರಾಜಕಾರಣಿಗಳು ಇದೆಲ್ಲ ಮಾಡುವುದು ವೋಟಿಗಾಗಿ ಅಲ್ವಾ?'

ವೋಟಿನ ಮಾತು ಮೊದಲು ಮುಗಿಸಿಬಿಡೋಣ. ಸೆನೆಟರ್, ಅಂದರೆ ಅಲ್ಲಿನ ಮೇಲ್ಮನೆಯ ಸದಸ್ಯೆ, ಆಗಿದ್ದ ರಾಬಿನ್ಸನ್ 1971ರಲ್ಲಿ ಇನ್ನಿಬ್ಬರ ಜೊತೆ ಸೇರಿ ಗರ್ಭನಿರೋಧಕಗಳ ಮೇಲಿನ ನಿಷೇಧ ತೆಗೆಯುವ ಮಸೂದೆ ತಂದರು. ಅದು ಅಚ್ಚಾಗುವುದಕ್ಕೂ ಸೆನೆಟ್ ಬಿಡಲಿಲ್ಲ. ಮನೆಗೆ ಬೈಗುಳದ ಪತ್ರಗಳು ಬಂದವು. 1977ರಲ್ಲಿ, 1981ರಲ್ಲಿ ಕೆಳಮನೆಗೆ ನಿಂತು ಎರಡೂ ಸಲ ಸೋತರು. ಇದು ವೋಟಿನ ಲೆಕ್ಕ ಆಗಿದ್ದರೆ ಬಹಳ ದಡ್ಡ ಲೆಕ್ಕ. ಅವರು ದೇಶದ ಅಧ್ಯಕ್ಷೆಯಾಗಿದ್ದು 1990ರಲ್ಲಿ.

ಇನ್ನು ಗಂಟಿನ ವಿಷಯ. ಅದನ್ನು ಹಾಕಿದ್ದು ಆ ದೇಶದ ಕಾನೂನೇ. 1973ರವರೆಗೆ ಅಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತೆ ಮದುವೆಯಾದರೆ ಕೆಲಸ ಬಿಡಬೇಕಿತ್ತು. ಗರ್ಭನಿರೋಧಕ ಮಾರುವುದು 1935ರಿಂದಲೇ ಅಪರಾಧ. ಕೊರಳಿಗೆ ತಾಳಿ ಬಿದ್ದರೆ ಸಂಬಳ ಹೋಯಿತು, ಮಕ್ಕಳು ಆದಷ್ಟು ಆಗಲಿ! 'ಹೇಗೂ ಬಿಟ್ಟು ಹೋಗುವವಳು, ಜಾಸ್ತಿ ಯಾಕೆ ಕೊಡಬೇಕು' ಎನ್ನುವುದಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕೇ? ಅದೇ 1971ರಲ್ಲಿ ಡಬ್ಲಿನ್ನಿನ ಹೆಂಗಸರು ಹೊರಡಿಸಿದ ಬೇಡಿಕೆ ಪಟ್ಟಿಯಲ್ಲಿ ಸಮಾನ ವೇತನವೂ ಇತ್ತು, ಗರ್ಭನಿರೋಧಕವೂ ಇತ್ತು. ಮೇ 22ರಂದು ಅವರು ರೈಲು ಹತ್ತಿ, ಬ್ರಿಟನ್ನಿಗೆ ಸೇರಿದ, ಈ ನಿಷೇಧ ಇಲ್ಲದ ಬೆಲ್‌ಫಾಸ್ಟಿಗೆ ಹೋದರು. ಡಾಕ್ಟರ ಚೀಟಿ ಇಲ್ಲದೆ ಅಲ್ಲೂ ಗರ್ಭನಿರೋಧಕ ಮಾತ್ರೆ ಸಿಗಲಿಲ್ಲ. ಆಸ್ಪಿರಿನ್ ಕೊಂಡು ತಂದು, ಡಬ್ಲಿನ್ ಸ್ಟೇಷನ್ನಿನಲ್ಲಿ ಕಸ್ಟಮ್ಸ್‌ನವರ ಮುಂದೆ ಅದನ್ನೇ 'ಆ ಮಾತ್ರೆ' ಅಂತ ತೋರಿಸಿದರು. ಯಾರನ್ನೂ ಹಿಡಿಯಲಿಲ್ಲ. 1979ರಲ್ಲಿ ಕಾನೂನು ಸಡಿಲವಾಯಿತು, ಆದರೆ ಕಾಂಡೋಮಿಗೂ ಡಾಕ್ಟರ ಚೀಟಿ!

ಸಮಾನ ವೇತನವನ್ನು ಯಾರೂ ಬೇಡ ಅನ್ನಲ್ಲ ಎಂದಿರಿ. ಅಂದರು ಸ್ವಾಮಿ. 1976ರಲ್ಲಿ ಅಲ್ಲಿನ ಸರ್ಕಾರವೇ 'ಸದ್ಯಕ್ಕೆ ಆಗಲ್ಲ, ವಿನಾಯಿತಿ ಕೊಡಿ' ಎಂದು ಯುರೋಪಿನ ದೇಶಗಳ ಒಕ್ಕೂಟದ ಆಡಳಿತ ನೋಡಿಕೊಳ್ಳುವ ಯುರೋಪಿಯನ್ ಕಮಿಷನ್ನಿಗೆ ಮೊರೆ ಇಟ್ಟಿತು. ಕಮಿಷನ್ ಒಪ್ಪಲಿಲ್ಲ. ಆಗ ಕಮಿಷನ್ನಿನಲ್ಲಿ ಆ ಖಾತೆ ನೋಡಿಕೊಳ್ಳುತ್ತಿದ್ದವರು ಪ್ಯಾಟ್ರಿಕ್ ಹಿಲರಿ, ಅವರೂ ಐರ್ಲೆಂಡಿನವರೇ.

ಗರ್ಭಪಾತದ ನಿಷೇಧ ಮಾತ್ರ ಉಳಿಯಿತು. ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರಲ್ಲಿ ಗಾಲ್ವೇಯಲ್ಲಿ ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೂ, ಅವರು ಕೇಳಿಕೊಂಡರೂ, ತೆಗೆಯಲಿಲ್ಲ. 2018ರ ಜನಮತದಲ್ಲಿ ಶೇ. 66ರಷ್ಟು ಜನ ಆ ನಿಷೇಧ ಬೇಡ ಎಂದರು.

ಇಲ್ಲಿಯ ಮಾತೂ ಒಂದು ಹೇಳುತ್ತೇನೆ. ಹೋದ ವರ್ಷ ನನ್ನ ತಂಗಿ ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. 'ಮದುವೆಯಾಗಿ ಎರಡು ವರ್ಷ ಅಂತೀರಿ, ಮಕ್ಕಳ ಪ್ಲಾನ್ ಏನು?' ಅಂತ ಕೇಳಿದರಂತೆ. ಸಂಬಳದ ಮಾತು ಆಮೇಲೆ ಬಂತು. ಅದೇ ವಾರ ಅವಳ ಗಂಡನಿಗೂ ಬೇರೊಂದು ಕಡೆ ಸಂದರ್ಶನ ಇತ್ತು. ಅವನನ್ನು ಕೇಳಿದ್ದು ನೋಟಿಸ್ ಪೀರಿಯಡ್ ಎಷ್ಟು ದಿನ ಅಂತ.

- ಸಂ.